ಆಯಿಲ್ ಫಿಲ್ಟರ್ ಬದಲಿಸಿದ ಮೇಲೆ ಕೆಂಪು ದೀಪ, ಸೋರಿಕೆ, ಸದ್ದು: ಮನೆಯಲ್ಲೇ ಡೀಸೆಲ್ ಗಾಡಿ ಸರ್ವಿಸ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಆಯಿಲ್ ಚೇಂಜ್ ಮುಗಿಸಿ, ಕೈ ತೊಳೆದು, ಗಾಡಿ ಸ್ಟಾರ್ಟ್ ಮಾಡಿದ್ದೀರಿ. ಮೀಟರ್‌ನಲ್ಲಿ ಕೆಂಪು ಆಯಿಲ್ ದೀಪ ಆರುತ್ತಿಲ್ಲ. ಅಥವಾ ದೀಪ ಆರಿದೆ, ಆದರೆ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಂಗೈ ಅಗಲದ ಕಪ್ಪು ಕಲೆ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಹೆದರಬೇಡಿ. ಮನೆಯಲ್ಲಿ ಫಿಲ್ಟರ್ ಬದಲಿಸಿದ ಮೇಲೆ ಕಾಣುವ ತೊಂದರೆಗಳಿಗೆ ಹೆಚ್ಚಾಗಿ ಸಣ್ಣ ಕಾರಣವೇ ಇರುತ್ತದೆ. ಒಂದು ರಬ್ಬರ್ ರಿಂಗ್, ಒಂದು ವಾಷರ್, ಇಲ್ಲವೇ ಅರ್ಧ ಲೀಟರ್ ಆಯಿಲ್. ಆ ಸಣ್ಣ ಕಾರಣ ಹುಡುಕದೆ ಗಾಡಿ ಓಡಿಸಿದರೆ ಮಾತ್ರ ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ.

ನಮ್ಮ ಮನೆ ಉಡುಪಿ ಹತ್ತಿರ. ಒಂದು ಹಳೆ ಬೊಲೆರೊ, ಒಂದು ಡೀಸೆಲ್ ಸ್ವಿಫ್ಟ್ ಇದೆ. ಎರಡರ ಆಯಿಲ್ ಕೆಲಸವನ್ನೂ ಹಲವು ವರ್ಷಗಳಿಂದ ನಾನೇ ಮಾಡುತ್ತೇನೆ. ಎರಡರ ಫಿಲ್ಟರ್ ಬೇರೆ ಬೇರೆ ಬಗೆಯವು. ಬೊಲೆರೊದ್ದು ಡಬ್ಬಿ ಫಿಲ್ಟರ್. ಇಡೀ ತಗಡಿನ ಡಬ್ಬಿಯನ್ನೇ ತಿರುಗಿಸಿ ತೆಗೆದು ಹೊಸದನ್ನು ಹಾಕುವುದು. ಸ್ವಿಫ್ಟ್‌ನದ್ದು ಎಲಿಮೆಂಟ್ ಫಿಲ್ಟರ್. ಮುಚ್ಚಳ ತೆರೆದು ಒಳಗಿನ ಕಾಗದದ ಸುರುಳಿಯನ್ನು ಮಾತ್ರ ಬದಲಿಸುವುದು. ನಿಮ್ಮದು ಯಾವ ಬಗೆ ಅಂತ ಮೊದಲೇ ತಿಳಿದುಕೊಳ್ಳಿ. ಕೆಳಗಿನ ಕೆಲವು ದೋಷ ಡಬ್ಬಿಗೆ ಮಾತ್ರ ಬರುತ್ತದೆ, ಕೆಲವು ಎಲಿಮೆಂಟ್‌ಗೆ ಮಾತ್ರ.

ಎಳೆತ ಕಡಿಮೆ, ಸ್ಟಾರ್ಟ್ ಆಗಲು ತಡ, ಮೀಟರ್‌ನಲ್ಲಿ ನೀರಿನ ಸೂಚನೆ, ಇವು ಡೀಸೆಲ್ ಫಿಲ್ಟರ್ ಕಡೆಯ ಲಕ್ಷಣ. ಅದು ಬೇರೆಯೇ ಕೆಲಸ. ಇಲ್ಲಿ ಹೇಳುತ್ತಿರುವುದು ಎಂಜಿನ್ ಆಯಿಲ್ ಶೋಧಿಸುವ ಫಿಲ್ಟರ್ ಬಗ್ಗೆ.

ಗಾಡಿಯ ಅಡಿಗೆ ಹೋಗುವ ಮೊದಲು

ನಮ್ಮ ಕಡೆ ಯಾವ ಮನೆಯ ಅಂಗಳಕ್ಕೆ ಹೋದರೂ ಮೂಲೆಯಲ್ಲಿ ನಾಲ್ಕು ಕೆಂಪು ಕಲ್ಲು, ಅಂದರೆ ಮುರಕಲ್ಲು, ಬಿದ್ದಿರುತ್ತದೆ. ಜಾಕ್ ಏರಿಸಿ, ಆ ಕಲ್ಲನ್ನು ಆಸರೆಗೆ ಇಟ್ಟು ಗಾಡಿಯಡಿ ನುಗ್ಗುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಗೋಡೆಯಲ್ಲಿ ಭಾರ ಕಲ್ಲಿನ ಇಡೀ ಮೈಮೇಲೆ ಹಂಚಿ ಕೂರುತ್ತದೆ. ಗಾಡಿಯ ಭಾರ ಬೀಳುವುದು ಒಂದೇ ಜಾಗದ ಮೇಲೆ. ಮಳೆಗೆ ನೆನೆದ ಮುರಕಲ್ಲು ಮೊದಲೇ ಮೆದುವಾಗಿರುತ್ತದೆ, ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ಜಾಕ್ ಸ್ಟ್ಯಾಂಡ್ ಒಂದು ಜೊತೆ ಕೊಳ್ಳಿ. ಒಮ್ಮೆ ಕೊಂಡರೆ ಜೀವಮಾನಕ್ಕೆ ಬರುತ್ತದೆ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡ್‌ನ ಕೆಳಗೆ ದಪ್ಪ ಹಲಗೆ ಹಾಕಿ, ಇಲ್ಲವಾದರೆ ಮಳೆಗಾಲದ ನೆಲದಲ್ಲಿ ಅದು ಹೂತುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಇಡಿ, ನೆಲಕ್ಕೆ ತಾಗಿರುವ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಬೊಲೆರೊದಂಥ ಎತ್ತರದ ಗಾಡಿಗೆ ಜಾಕ್ ಬೇಕಾಗುವುದೇ ಇಲ್ಲ, ಹಾಗೇ ಮಲಗಿ ಕೆಲಸ ಮಾಡಬಹುದು. ಆದರೂ ಚಕ್ರಕ್ಕೆ ತಡೆ ಬೇಕೇ ಬೇಕು.

ಆಯಿಲ್ ಬೆಚ್ಚಗಿರಲಿ, ಕುದಿಯುವಂತಿರಬಾರದು. ಐದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಹತ್ತು ಹದಿನೈದು ನಿಮಿಷ ಕಾಯಿರಿ. ಹೆದ್ದಾರಿಯಲ್ಲಿ ಓಡಿ ಬಂದ ಕೂಡಲೇ ಆಯಿಲ್ ಇಳಿಸುವ ಡ್ರೈನ್ ನಟ್ ಬಿಚ್ಚಿದರೆ ಮೊಣಕೈ ತನಕ ಸುಡುತ್ತದೆ. ಕೈಗೆ ಗ್ಲೌಸ್ ಹಾಕಿ. ಓಡಿದ ಆಯಿಲ್ ಚರ್ಮಕ್ಕೆ ಪದೇಪದೇ ತಾಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಲಕ್ಷಣ: ಸ್ಟಾರ್ಟ್ ಮಾಡಿದರೂ ಕೆಂಪು ದೀಪ ಆರುತ್ತಿಲ್ಲ

ಹೊಸ ಫಿಲ್ಟರ್ ಖಾಲಿ ಇರುತ್ತದೆ. ಅದು ತುಂಬಿ ಒತ್ತಡ ಬರಲು ಕೆಲವು ಸೆಕೆಂಡ್ ಬೇಕು. ಮೊದಲ ಸ್ಟಾರ್ಟ್‌ಗೆ ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತಕ್ಕೂ ಆರದಿದ್ದರೆ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ. ದೀಪ ಆರುವ ಮೊದಲು ಆಕ್ಸಿಲರೇಟರ್ ಒತ್ತಲೇಬೇಡಿ. ಡೀಸೆಲ್ ಗಾಡಿಯ ಟರ್ಬೊದ ದಂಡ ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ತಲುಪುವ ಮೊದಲೇ ರೇಸ್ ಕೊಟ್ಟರೆ ಮೊದಲ ಪೆಟ್ಟು ಬೀಳುವುದು ಅದಕ್ಕೇ.

ಎಂಜಿನ್ ನಿಂತ ಮೇಲೆ ದುಡ್ಡು ಖರ್ಚಿಲ್ಲದ ಕಡೆಯಿಂದ ಶುರು ಮಾಡಿ. ಮೊದಲು ಗಾಡಿಯ ಅಡಿ ನೋಡಿ, ಎಲ್ಲಾದರೂ ಆಯಿಲ್ ಸುರಿಯುತ್ತಿದೆಯಾ? ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಹೆಚ್ಚಿನ ಗಾಡಿಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು 1 ಲೀಟರ್ ಅಂತರ ಇರುತ್ತದೆ. ಕೆಳಗಿನ ಗುರುತಿಗೂ ಆಯಿಲ್ ಮುಟ್ಟದಿದ್ದರೆ ಹಾಕಿದ ಅಳತೆ ತಪ್ಪಿದೆ.

ಆಯಿಲ್ ಸರಿಯಿದ್ದರೆ ಫಿಲ್ಟರ್ ಕಡೆ ಬನ್ನಿ. ಎಲಿಮೆಂಟ್ ಬಗೆಯದ್ದಾದರೆ ಸುರುಳಿ ಸರಿಯಾಗಿ ಕೂತಿದೆಯಾ ನೋಡಬೇಕು. ಕೆಲವು ಎಲಿಮೆಂಟ್‌ನ ತಳದಲ್ಲಿ ಒಂದು ಸಣ್ಣ ಮೊಳೆಯಂಥ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ಅದು ಹೌಸಿಂಗ್‌ನ, ಅಂದರೆ ಫಿಲ್ಟರ್ ಕೂರುವ ಗೂಡಿನ, ತೂತಿಗೆ ಸರಿಯಾಗಿ ಇಳಿಯಬೇಕು. ಇಳಿಯದಿದ್ದರೆ ಆಯಿಲ್ ಆ ತೂತಿನಿಂದ ನೇರ ಚೇಂಬರ್‌ಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ವಾಪಸ್ ಹೋಗುತ್ತದೆ, ಒತ್ತಡ ಏರುವುದಿಲ್ಲ. ಸುರುಳಿಯನ್ನು ತಲೆಕೆಳಗಾಗಿ ಹಾಕಿದರೂ ಇದೇ ಕತೆ. ಡಬ್ಬಿ ಫಿಲ್ಟರ್ ಆದರೆ, ಬಾಯಿ ಮೇಲಕ್ಕೆ ಮಾಡಿ ನೇರ ಕೂರುವಂಥದ್ದಾದರೆ, ಬಿಚ್ಚಿ ಮುಕ್ಕಾಲು ಭಾಗ ಹೊಸ ಆಯಿಲ್ ತುಂಬಿ ಹಾಕಿ. ಆಯಿಲ್ ಹೊಯ್ಯುವಾಗ ಸುತ್ತಲಿನ ಸಣ್ಣ ತೂತುಗಳಲ್ಲಿ ಹೊಯ್ಯಿರಿ. ನಡುವಿನ ದೊಡ್ಡ ತೂತು ಶೋಧಿಸಿದ ಆಯಿಲ್ ಹೊರಬರುವ ದಾರಿ. ಅಲ್ಲಿ ಕಸ ಬಿದ್ದರೆ ನೇರ ಬೇರಿಂಗ್‌ಗೆ ಹೋಗುತ್ತದೆ. ಅಡ್ಡ ಕೂರುವ ಫಿಲ್ಟರ್‌ಗೆ ತುಂಬಿಸಲು ಹೋಗಬೇಡಿ, ಎಲ್ಲ ಚೆಲ್ಲುತ್ತದೆ.

ಆಮೇಲೆ ವೈರ್. ಫಿಲ್ಟರ್ ಹತ್ತಿರವೇ ಆಯಿಲ್ ಪ್ರೆಶರ್ ಸ್ವಿಚ್ ಇರುವ ಗಾಡಿಗಳಿವೆ. ಫಿಲ್ಟರ್ ಬಿಚ್ಚುವಾಗ ಕೈ ತಾಗಿ ಅದರ ವೈರ್ ಕಳಚಬಹುದು. ಹಳೆ ಬಗೆಯ ಸರಳ ವೈರಿಂಗ್‌ನಲ್ಲಿ ಆ ವೈರ್ ಬಾಡಿಗೆ ತಾಗಿದರೆ ದೀಪ ಉರಿಯುತ್ತಲೇ ಇರುತ್ತದೆ. ಗಾಳಿಯಲ್ಲಿ ನೇತಾಡುತ್ತಿದ್ದರೆ ದೀಪ ಉರಿಯುವುದೇ ಇಲ್ಲ. ಈ ಎರಡನೆಯದು ಜಾಸ್ತಿ ಅಪಾಯ. ಅದಕ್ಕೇ ಪ್ರತಿ ಸಲ ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮೊದಲು, ದೀಪ ಉರಿಯುತ್ತದಾ ಅಂತ ನೋಡಿ.

ಇಷ್ಟೆಲ್ಲ ಸರಿಯಿದ್ದೂ ದೀಪ ಆರದಿದ್ದರೆ ನಿಲ್ಲಿಸಿ. ಇನ್ನು ಗೇಜ್ ಹಾಕಿ ಒತ್ತಡ ಅಳೆಯಬೇಕು, ಅದು ಗ್ಯಾರೇಜ್‌ನ ಕೆಲಸ. ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ, ಇಲ್ಲವೇ ಗಾಡಿ ಎಳೆಸಿಕೊಂಡು ಹೋಗಿ. "ಗ್ಯಾರೇಜ್ ಇಲ್ಲೇ ಎರಡು ಕಿಲೋಮೀಟರ್" ಅಂತ ಓಡಿಸಬೇಡಿ. ಬೇರಿಂಗ್ ಹಿಡಿಯಲು ಎರಡು ಕಿಲೋಮೀಟರ್ ಧಾರಾಳ ಸಾಕು.

ದೀಪ ಉರಿಯದಿದ್ದರೆ ಫಿಲ್ಟರ್ ಚೆನ್ನಾಗಿದೆ ಅಂತ ತುಂಬಾ ಜನ ನಂಬುತ್ತಾರೆ. ಅದು ತಪ್ಪು. ಫಿಲ್ಟರ್‌ನ ಒಳಗೋ ಅದರ ಹೌಸಿಂಗ್‌ನಲ್ಲೋ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಕಾಗದ ಕಟ್ಟಿಕೊಂಡರೆ ಎಂಜಿನ್ ಒಣಗಬಾರದು ಅಂತ ಆ ವಾಲ್ವ್ ತೆರೆದು ಶೋಧಿಸದ ಆಯಿಲನ್ನೇ ಮುಂದೆ ಬಿಡುತ್ತದೆ. ಒತ್ತಡ ಇರುವುದರಿಂದ ದೀಪ ಸುಮ್ನಿರುತ್ತದೆ. ಎಂಜಿನ್ ಮಾತ್ರ ಕೊಳಕು ಕುಡಿಯುತ್ತಿರುತ್ತದೆ. ಹಾಗಾಗಿ ಫಿಲ್ಟರ್ ಬದಲಿಸಲು ದೀಪಕ್ಕೆ ಕಾಯಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸಿ. ಪ್ರತಿ ಆಯಿಲ್ ಚೇಂಜ್‌ಗೂ ಹೊಸ ಫಿಲ್ಟರ್. ಒಂದು ಸಲ ಬಿಟ್ಟು ಒಂದು ಸಲ ಅನ್ನುವ ಲೆಕ್ಕ ಡೀಸೆಲ್‌ಗೆ ಬೇಡ.

ಲಕ್ಷಣ: ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಮಾತ್ರ ದೀಪ ತಡವಾಗಿ ಆರುತ್ತದೆ, ಟಕಟಕ ಸದ್ದು

ಮೂರು ನಾಲ್ಕು ಸೆಕೆಂಡ್ ಸದ್ದು, ಆಮೇಲೆ ಎಲ್ಲ ಸರಿ. ಮಧ್ಯಾಹ್ನ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಇದು ಫಿಲ್ಟರ್‌ನ ಒಳಗಿನ ರಬ್ಬರ್ ತಡೆ ವಾಲ್ವ್‌ನ ದೋಷ ಇರಬಹುದು. ಎಂಜಿನ್ ನಿಂತಾಗ ಆಯಿಲ್ ಫಿಲ್ಟರ್‌ನಿಂದ ಕೆಳಗೆ ಇಳಿಯದಂತೆ ಹಿಡಿದಿಡುವುದು ಅದರ ಕೆಲಸ. ಅಗ್ಗದ ಫಿಲ್ಟರ್‌ನಲ್ಲಿ ಈ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ರಾತ್ರಿಯಿಡೀ ಆಯಿಲ್ ಇಳಿದು ಬೆಳಿಗ್ಗೆ ಫಿಲ್ಟರ್ ಖಾಲಿ. ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಸರಿಯಾದ ನಂಬರಿನ ಒಳ್ಳೆ ಫಿಲ್ಟರ್ ಹಾಕಿ ನೋಡಿ. ಸದ್ದು ಹೋದರೆ ಅಲ್ಲಿಗೆ ಮುಗಿಯಿತು. ಹೊಸ ಫಿಲ್ಟರ್‌ನಲ್ಲೂ ಸದ್ದು ಬಂದರೆ, ಅಥವಾ ಎಂಜಿನ್ ಬಿಸಿಯಾದ ಮೇಲೂ ಉಳಿದರೆ, ಅದು ಫಿಲ್ಟರ್ ವಿಷಯವಲ್ಲ. ಟೈಮಿಂಗ್ ಚೈನ್, ಟ್ಯಾಪೆಟ್, ಬೇರಿಂಗ್ ಯಾವುದೂ ಇರಬಹುದು. ಕಿವಿ ಪಳಗಿದ ಮೆಕ್ಯಾನಿಕ್‌ಗೆ ಕೇಳಿಸಿ.

ಲಕ್ಷಣ: ಘಾಟಿಯ ತಿರುವಿನಲ್ಲಿ ದೀಪ ಮಿನುಗುತ್ತದೆ

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ ಇದು ಮೊದಲು ಕಾಣಿಸುತ್ತದೆ. ಆಯಿಲ್ ಕಡಿಮೆ ಇದ್ದರೆ ಓರೆಯಾದ ಗಾಡಿಯಲ್ಲಿ ಅದು ಚೇಂಬರ್‌ನ ಒಂದು ಬದಿಗೆ ಸರಿಯುತ್ತದೆ. ಪಂಪ್‌ನ ಬಾಯಿಗೆ ಗಾಳಿ ಸಿಗುತ್ತದೆ, ದೀಪ ಒಂದು ಕ್ಷಣ ಮಿನುಗಿ ಆರುತ್ತದೆ. ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಘಾಟಿಗೆ ಹೊರಡುವಾಗ ಡಿಕ್ಕಿಯಲ್ಲಿ ಅದೇ ಗ್ರೇಡಿನ 1 ಲೀಟರ್ ಆಯಿಲ್ ಇರಲಿ.

ಮಟ್ಟ ಸರಿಯಿದ್ದು, ಘಾಟಿ ಹತ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಮಾತ್ರ ಮಿನುಗಿದರೆ ಆಯಿಲ್ ತೀರ ತೆಳುವಾಗಿದೆ, ಅಥವಾ ಬೇರಿಂಗ್, ಪಂಪ್ ಸವೆದಿದೆ. ಕಂಪನಿ 15ಡಬ್ಲ್ಯು-40 ಎಂಬ ದಪ್ಪ ಗ್ರೇಡ್ ಹೇಳಿದ ಹಳೆ ಎಂಜಿನ್‌ಗೆ 5ಡಬ್ಲ್ಯು-30 ಎಂಬ ತೆಳು ಗ್ರೇಡ್ ಹಾಕಿದರೂ ಹೀಗಾಗಬಹುದು. ಗ್ರೇಡ್ ಸರಿಯಿದ್ದರೆ ಮುಂದಿನದು ಗ್ಯಾರೇಜ್ ಕೆಲಸ.

ಲಕ್ಷಣ: ಅಂಗಳದಲ್ಲಿ ಆಯಿಲ್ ಕಲೆ

ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದು.

ಒಂದು ಭಾನುವಾರ ಬೊಲೆರೊದ ಫಿಲ್ಟರ್ ಬದಲಿಸಿದೆ. ಸ್ಟಾರ್ಟ್ ಮಾಡಿದೆ, ದೀಪ ಆರಿತು. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಅಡಿ ನೋಡಿದೆ, ಒಂದು ಹನಿ ಇಲ್ಲ. ಖುಷಿಯಲ್ಲಿ ಸ್ವಲ್ಪ ರೇಸ್ ಕೊಟ್ಟೆ. ಅಡಿಯಿಂದ ಸರ್ ಅಂತ ಸದ್ದು. ಆಫ್ ಮಾಡಿ ಬಗ್ಗಿ ನೋಡುವಷ್ಟರಲ್ಲಿ ಅರ್ಧ ಆಯಿಲ್ ಇಂಟರ್‌ಲಾಕ್ ಮೇಲೆ ಹರಿದಿತ್ತು. ಫಿಲ್ಟರ್ ಬಿಚ್ಚಿದೆ. ಹೊಸ ಫಿಲ್ಟರ್‌ನ ರಬ್ಬರ್ ರಿಂಗ್ ಚೆನ್ನಾಗಿಯೇ ಇತ್ತು. ಎಂಜಿನ್ ಕಡೆ ಟಾರ್ಚ್ ಹಾಕಿದರೂ ಏನೂ ಕಾಣಲಿಲ್ಲ. ಉಗುರಿನಿಂದ ಆ ಲೋಹದ ಮುಖವನ್ನು ಸುತ್ತಲೂ ಕೆರೆಯುತ್ತಾ ಹೋದೆ. ಒಂದು ಕಡೆ ಉಗುರು ಮೆತ್ತಗೆ ಕಚ್ಚಿತು. ಎಳೆದರೆ ಹಳೆ ಫಿಲ್ಟರ್‌ನ ರಿಂಗ್ ಸುಲಿದು ಬಂತು. ಆಯಿಲ್ ಬಣ್ಣ ಹಿಡಿದು, ಚಪ್ಪಟೆಯಾಗಿ, ಎಂಜಿನ್‌ಗೆ ಅಂಟಿ ಕೂತಿತ್ತು. ಲೋಹಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ. ಎರಡು ರಿಂಗ್ ಒಂದರ ಮೇಲೊಂದು ಕೂತಾಗ ಕಡಿಮೆ ಒತ್ತಡದಲ್ಲಿ ತಡೆಯುತ್ತದೆ. ಒತ್ತಡ ಏರಿದ ಕೂಡಲೇ ಒಂದು ಪಕ್ಕಕ್ಕೆ ಜಾರುತ್ತದೆ. ಅಂದು ರೇಸ್ ಕೊಡದೆ ಮಂಗಳೂರಿಗೆ ಹೊರಟಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಹೋಗುತ್ತಿತ್ತು. ಅಂದಿನಿಂದ ನಾನು ಕಣ್ಣನ್ನು ನಂಬುವುದಿಲ್ಲ. ಹಳೆ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ಅದರಲ್ಲಿ ರಿಂಗ್ ಉಂಟಾ ಅಂತ ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಆಮೇಲೇ ಹೊಸದರ ಡಬ್ಬ ತೆರೆಯುವುದು.

ಸೋರಿಕೆ ಎಲ್ಲಿಂದ ಅಂತ ಹುಡುಕಲು ಮೊದಲು ಇಡೀ ಜಾಗವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ ಎರಡು ದಿನ ಹನಿಯುತ್ತಲೇ ಇರುತ್ತದೆ, ಅದನ್ನು ಸೋರಿಕೆ ಅಂತ ತಿಳಿಯುವುದು ಬೇಡ. ನಮ್ಮ ಕೆಂಪು ಮಣ್ಣಿನ ಮೇಲೆ ಹನಿ ಕಾಣುವುದಿಲ್ಲ. ಹಳೆ ರಟ್ಟಿನ ಪೆಟ್ಟಿಗೆ ಬಿಡಿಸಿ ಅಡಿಗೆ ಹಾಸಿ, ಇಡೀ ರಾತ್ರಿ ಬಿಡಿ. ರಟ್ಟಿನ ಮೇಲೆ ಮುಂದಿನ ಚಕ್ರದ ಜಾಗ ಗುರುತು ಮಾಡಿಟ್ಟರೆ ಬೆಳಿಗ್ಗೆ ಹನಿ ಎಲ್ಲಿಂದ ಬಿತ್ತು ಅಂತ ಅಂದಾಜು ಸಿಗುತ್ತದೆ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಹಾಗಾಗಿ ಮೂಲ ಹೆಚ್ಚಾಗಿ ಕಲೆಗಿಂತ ಮೇಲೆ ಮತ್ತು ಮುಂದೆ ಇರುತ್ತದೆ.

ಡ್ರೈನ್ ನಟ್‌ನಿಂದ ಹನಿಯುತ್ತಿದ್ದರೆ ವಾಷರ್ ನೋಡಿ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಚಪ್ಪಟೆಯಾದರೆ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಪ್ರತಿ ಸಲ ಹೊಸದು ಹಾಕಿ, ಅದರ ಬೆಲೆ ಒಂದು ಚಹಾದಷ್ಟು. ಹನಿ ನಿಲ್ಲಲಿಲ್ಲ ಅಂತ ನಟ್ ಬಿಗಿಯುತ್ತಾ ಹೋಗಬೇಡಿ. ಅಲ್ಯೂಮಿನಿಯಂ ಚೇಂಬರ್‌ನ ಥ್ರೆಡ್ ಹೋದರೆ ಚೇಂಬರನ್ನೇ ಬಿಚ್ಚಬೇಕಾಗುತ್ತದೆ. ನಟ್ ಸುಮ್ನೆ ತಿರುಗುತ್ತಾ ಇದೆ, ಬಿಗಿ ಆಗುತ್ತಿಲ್ಲ ಅಂದರೆ ಥ್ರೆಡ್ ಹೋಗಿದೆ. ಅಲ್ಲಿಗೆ ನಿಲ್ಲಿಸಿ, ಗಾಡಿ ಓಡಿಸಬೇಡಿ.

ಡಬ್ಬಿ ಫಿಲ್ಟರ್‌ನ ಅಂಚಿನಿಂದ ಸೋರುತ್ತಿದ್ದರೆ ಒಂದೋ ಎರಡು ರಿಂಗ್, ಇಲ್ಲವೇ ಒಣ ರಿಂಗ್, ಇಲ್ಲವೇ ಬಿಗಿ ತಪ್ಪಿದೆ. ಹೊಸ ರಿಂಗ್‌ಗೆ ಬೆರಳಿನಿಂದ ಹೊಸ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಹೊಸದನ್ನು ಬಿಗಿಯಲು ರೆಂಚ್ ಬೇಡ. ರೆಂಚ್ ಬಿಚ್ಚುವುದಕ್ಕೆ ಮಾತ್ರ.

ಎಲಿಮೆಂಟ್ ಬಗೆಯಲ್ಲಿ ಮುಚ್ಚಳದ ಓ-ರಿಂಗ್ ನೋಡಬೇಕು. ಮುಚ್ಚಳದಲ್ಲಿ ಥ್ರೆಡ್‌ಗಿಂತ ಮೇಲೆ ಒಂದು ತೋಡು ಇರುತ್ತದೆ, ಅಂದರೆ ರಿಂಗ್ ಕೂರುವ ಕಾಲುವೆ. ರಿಂಗ್ ಅಲ್ಲೇ ಇರಬೇಕು, ಥ್ರೆಡ್ ಮೇಲೆ ಸಿಕ್ಕಿಕೊಳ್ಳಬಾರದು. ಹೊಸ ಎಲಿಮೆಂಟ್‌ನ ಪೆಟ್ಟಿಗೆಯಲ್ಲೇ ಓ-ರಿಂಗ್ ಬರುತ್ತದೆ, ಪೆಟ್ಟಿಗೆ ಎಸೆಯುವ ಮೊದಲು ಅಲ್ಲಾಡಿಸಿ ನೋಡಿ. ಮುಚ್ಚಳದ ಮೇಲೆ ಎಷ್ಟು ಬಿಗಿಯಬೇಕು ಅಂತ ಹೆಚ್ಚಾಗಿ ಅಚ್ಚಾಗಿರುತ್ತದೆ, 25 ನ್ಯೂಟನ್ ಮೀಟರ್ ಅಂತ ಕಾಣುವುದು ಸಾಮಾನ್ಯ. ಟಾರ್ಕ್ ರೆಂಚ್ ಇದ್ದರೆ ಅದನ್ನೇ ಬಳಸಿ. ಪ್ಲಾಸ್ಟಿಕ್ ಮುಚ್ಚಳ ಜಾಸ್ತಿ ಬಿಗಿದರೆ ಸೀಳುತ್ತದೆ. ಆ ಸೀಳು ತಣ್ಣಗಿರುವಾಗ ಕಾಣುವುದೂ ಇಲ್ಲ.

ಗೋಡೆಗೆ ಚಿಮ್ಮಿದಂತೆ ಆಯಿಲ್ ಬರುತ್ತಿದ್ದರೆ, ಅಥವಾ ಸೈಲೆನ್ಸರ್ ಪೈಪ್ ಮೇಲೆ ಬಿದ್ದು ಹೊಗೆ ಏಳುತ್ತಿದ್ದರೆ ಕೂಡಲೇ ಆಫ್ ಮಾಡಿ. ಬಿಸಿ ಪೈಪ್ ಮೇಲಿನ ಆಯಿಲ್‌ಗೆ ಬೆಂಕಿ ಹಿಡಿಯಬಹುದು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೇ ಕೆಲಸಕ್ಕೆ ಕೂರಿ. ಆಯಿಲ್ ಬೆಂಕಿಗೆ ನೀರು ಹೊಯ್ಯಬಾರದು.

ಲಕ್ಷಣ: ಹಳೆ ಫಿಲ್ಟರ್ ಬಿಚ್ಚಲು ಬರುತ್ತಿಲ್ಲ

ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಸಮುದ್ರದ ಗಾಳಿಗೆ ನಿಲ್ಲುವ ಗಾಡಿಗಳಿಗೆ ಈ ಕಷ್ಟ ಜಾಸ್ತಿ. ಉಪ್ಪು ಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ. ಮೀನಿನ ನೀರು ಸೋರುವ ಲಾರಿಯ ಹಿಂದೆ ದಿನಾ ಓಡುವ ಗಾಡಿಗೂ ಹಾಗೇ. ಮೊದಲು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಎಂಜಿನ್ ಬೆಚ್ಚಗಿದ್ದರೆ ಬೇಗ ಬಿಡುತ್ತದೆ. ಕೈಗೆ ಮರಳು ಕಾಗದ ಸುತ್ತಿ ಹಿಡಿದು ತಿರುಗಿಸಿ. ಬರದಿದ್ದರೆ ಪಟ್ಟಿ ಅಥವಾ ಚೈನ್ ರೆಂಚ್ ಹಾಕಿ, ಡಬ್ಬಿಯ ಬುಡಕ್ಕೆ, ಅಂದರೆ ಎಂಜಿನ್ ಕಡೆಗೆ ಹತ್ತಿರ ಹಿಡಿಯಿರಿ. ಅಲ್ಲಿ ಡಬ್ಬಿ ಗಟ್ಟಿ. ತುದಿಯಲ್ಲಿ ಹಿಡಿದರೆ ಅದು ಜಜ್ಜಿಹೋಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಬೇಡ. ತಗಡು ಹರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ, ಗಾಡಿ ಅಂಗಳದಿಂದ ಅಲ್ಲಾಡುವುದೂ ಇಲ್ಲ. ರೆಂಚ್‌ಗೂ ಬಗ್ಗದಿದ್ದರೆ ಆಯಿಲ್ ಇಳಿಸುವ ಮೊದಲೇ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ. ಇದೇ ಕಾರಣಕ್ಕೆ ನಾನು ಡ್ರೈನ್ ನಟ್ ಮುಟ್ಟುವ ಮೊದಲು ಫಿಲ್ಟರ್ ಸಡಿಲ ಆಗುತ್ತದಾ ಅಂತ ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಬಿಗಿದಿಡುತ್ತೇನೆ.

ಲಕ್ಷಣ: ಹೊಸ ಫಿಲ್ಟರ್ ಕೂರುತ್ತದೆ, ಆದರೆ ಯಾಕೋ ಸಡಿಲ ಅನಿಸುತ್ತದೆ

ಆ ಅನುಮಾನವನ್ನು ನಂಬಿ, ಹಾಕಬೇಡಿ. ಒಮ್ಮೆ ಅಂಗಡಿಯೊಂದರಲ್ಲಿ ನನ್ನ ನಂಬರ್ ಇರಲಿಲ್ಲ. "ಇದೂ ಅದೂ ಒಂದೇ, ಸೈಜ್ ನೋಡಿ" ಅಂತ ಇನ್ನೊಂದು ಕೊಟ್ಟರು. ಎತ್ತರ, ದಪ್ಪ ಒಂದೇ. ಮನೆಗೆ ತಂದು ತಿರುಗಿಸಿದರೆ ಥ್ರೆಡ್ ಹಿಡಿಯಿತು, ಆದರೆ ಅತ್ತಿತ್ತ ಅಲ್ಲಾಡುತ್ತಿತ್ತು. ಫಿಲ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಥ್ರೆಡ್ ಅಳತೆ ಇವೆ. ಒಂದು 20 ಮಿಲಿಮೀಟರಿನದ್ದು, ಇನ್ನೊಂದು ಮುಕ್ಕಾಲು ಇಂಚಿನದ್ದು, ಅಂದರೆ ಸುಮಾರು 19 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಬೋಲ್ಟ್‌ಗೆ 20 ಮಿಲಿಮೀಟರಿನ ಫಿಲ್ಟರ್ ಹಾಕಿದರೆ ಹಿಡಿದಂತೆ ತೋರುತ್ತದೆ, ಒತ್ತಡ ಬಂದಾಗ ಕಿತ್ತುಕೊಂಡು ಬರುತ್ತದೆ. ವಾಪಸ್ ಕೊಟ್ಟು, ಎರಡು ದಿನ ಕಾದು ಸರಿಯಾದದ್ದನ್ನೇ ತರಿಸಿದೆ.

ಸೈಜ್ ನೋಡಿ ಕೊಳ್ಳಬೇಡಿ, ನಂಬರ್ ನೋಡಿ ಕೊಳ್ಳಿ. ಗಾಡಿಯ ಮಾಡೆಲ್, ವರ್ಷ, ಎಂಜಿನ್ ಹೇಳಿ. ಒಂದೇ ಹೆಸರಿನ ಗಾಡಿಗೆ ಹಳೆ ಹೊಗೆ ನಿಯಮವಾದ ಬಿಎಸ್-4ರಲ್ಲಿ ಒಂದು ಫಿಲ್ಟರ್, 2020ರ ಏಪ್ರಿಲ್‌ನಿಂದ ಬಂದ ಬಿಎಸ್-6ರಲ್ಲಿ ಇನ್ನೊಂದು ಇರಬಹುದು. ಗಾಡಿ ಕಂಪನಿಯದ್ದೇ ಬೇಕೆಂದಿಲ್ಲ. ಬಾಷ್, ಮಾಹ್ಲೆ, ಮಾನ್ ಇಂಥವರ ಫಿಲ್ಟರ್ ಅವರ ಪಟ್ಟಿಯಲ್ಲಿ ನಿಮ್ಮ ಗಾಡಿಗೆ ಅಂತ ಇದ್ದರೆ ಧೈರ್ಯವಾಗಿ ಹಾಕಬಹುದು. ಹೊರಗೆ ಕಾಣದ ಬೈಪಾಸ್ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದೂ ಆ ನಂಬರ್‌ನಲ್ಲೇ ಅಡಗಿದೆ. ನಕಲಿ ಮಾಲಿನ ಅನುಮಾನ ಇದ್ದರೆ ಹಳೆಯದರ ಪಕ್ಕ ಇಟ್ಟು ನೋಡಿ. ಅಚ್ಚಿನ ಅಕ್ಷರ ಮಸುಕಾ, ಪೆಟ್ಟಿಗೆಯ ನಂಬರಿಗೂ ಡಬ್ಬಿಯ ನಂಬರಿಗೂ ಹೊಂದುತ್ತದಾ, ರಿಂಗ್ ಉಗುರಿಗೆ ಮೆತ್ತಗಿದೆಯಾ, ಕೈಯಲ್ಲಿ ತೂಗಿದರೆ ತೀರ ಹಗುರವಾ? ಬಿಲ್ ಕೊಡಲು ಒಪ್ಪದ ಕಡೆ ಕೊಳ್ಳಬೇಡಿ.

ಲಕ್ಷಣ: ಆಯಿಲ್ ಮಟ್ಟ ತಾನಾಗಿ ಏರಿದೆ, ಡೀಸೆಲ್ ವಾಸನೆ

ಆಯಿಲ್ ಇಳಿಯುವುದು ಸಹಜ, ಏರುವುದು ಸಹಜವಲ್ಲ. ಡಿಪ್‌ಸ್ಟಿಕ್ ಮೂಗಿಗೆ ಹಿಡಿದು ನೋಡಿ. ಡೀಸೆಲ್ ವಾಸನೆ ಬಂದರೆ ಆಯಿಲ್‌ಗೆ ಡೀಸೆಲ್ ಸೇರುತ್ತಿದೆ. ಬಿಎಸ್-6 ಗಾಡಿಗಳಲ್ಲಿ ಇದಕ್ಕೆ ದಾರಿ ಮಾಡುವುದು ಸಣ್ಣ ಓಡಾಟ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನು ಸುಟ್ಟು ಸ್ವಚ್ಛ ಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮಣಿಪಾಲದಿಂದ ಉಡುಪಿ ಪೇಟೆಗೆ ಹೋಗಿ ಆಫ್ ಮಾಡಿದರೆ ಆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಚೇಂಬರ್‌ಗೆ ಇಳಿಯುತ್ತದೆ. ಮೇಲಿನ ಗುರುತು ದಾಟಿದ್ದರೆ ಮೊದಲು ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಆಮೇಲೆ ಹೆದ್ದಾರಿ 66ರಲ್ಲಿ ಆಗಾಗ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವ ಅಭ್ಯಾಸ ಇಟ್ಟುಕೊಳ್ಳಿ. ಡಿಪಿಎಫ್ ಇರುವ ಗಾಡಿಗೆ ಪುಸ್ತಕ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು. ಡಿಪಿಎಫ್ ಇಲ್ಲದ ಹಳೆ ಗಾಡಿಯಲ್ಲಿ ಮಟ್ಟ ಏರಿದರೆ ಇಂಜೆಕ್ಟರ್ ಅಥವಾ ಪಂಪ್ ಸೀಲ್ ಸೋರುತ್ತಿದೆ, ಅದು ಮನೆ ಕೆಲಸವಲ್ಲ.

ತುಂಬಾ ಏರಿದ ಆಯಿಲ್ ಎಂಜಿನ್‌ನ ಗಾಳಿ ದಾರಿಗೆ ಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಸುಟ್ಟು ಓಡಬಹುದು. ಆಗ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಹಾಗಾಗಿ ಇದನ್ನು ನಾಳೆಗೆ ಇಡಬೇಡಿ.

ಲಕ್ಷಣ: ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಾಣುತ್ತದೆ

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಬಿಳಿ ನೊರೆ ಕಾಣಬಹುದು. ಅದು ಗಾಳಿಯ ತೇವ. ಒಮ್ಮೆ ದೂರ ಓಡಿಸಿ ಬಿಸಿ ಮಾಡಿದರೆ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲೇ ಹಾಲಿನ ಬಣ್ಣ ಕಂಡರೆ ಮಾತ್ರ ಬೇರೆ ವಿಷಯ. ರೇಡಿಯೇಟರ್ ನೀರು ಇಳಿದಿದೆಯಾ ನೋಡಿ, ಎಂಜಿನ್ ತಣ್ಣಗಿರುವಾಗ ಮಾತ್ರ ಅದರ ಮುಚ್ಚಳ ತೆರೆಯಿರಿ. ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಹೋಗಿದೆ. ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ, ಪಂಪ್‌ವೆಲ್‌ನಲ್ಲೋ, ಉಡುಪಿಯ ಕಲ್ಸಂಕದಲ್ಲೋ ನೀರು ನಿಂತಾಗ ಗಾಡಿ ನೀರಲ್ಲೇ ಆಫ್ ಆಗಿದ್ದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯಲ್ಲಿ ನೆರೆ ಬಂದಾಗ ಅಂಗಳದಲ್ಲಿ ನಿಂತಿದ್ದ ಗಾಡಿಗಳಿಗೂ ನೀರು ಏರಿತ್ತು. ಅಂಥ ಗಾಡಿಯ ಆಯಿಲ್, ಆಯಿಲ್ ಮತ್ತು ಡೀಸೆಲ್ ಫಿಲ್ಟರ್, ಗಾಳಿಯ ಫಿಲ್ಟರ್ ಎಲ್ಲ ತೆಗೆದು, ಸಿಲಿಂಡರ್‌ನಲ್ಲಿ ನೀರಿಲ್ಲ ಅಂತ ಮೆಕ್ಯಾನಿಕ್ ಖಚಿತ ಮಾಡಿದ ಮೇಲೇ ಕೀ ತಿರುಗಿಸಬೇಕು.

ಲಕ್ಷಣ: ಎರಡೇ ದಿನಕ್ಕೆ ಆಯಿಲ್ ಕಪ್ಪು

ದೋಷವಲ್ಲ. ಡೀಸೆಲ್‌ನ ಮಸಿ ಫಿಲ್ಟರ್ ಕಾಗದಕ್ಕಿಂತ ಸಣ್ಣದು, ಹಳೆಯ ಉಳಿಕೆಯೂ ಸೇರಿ ಬೇಗ ಕಪ್ಪಾಗುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಜಾರಿದರೆ ಸರಿ, ಮರಳಿನಂತೆ ತರಿತರಿ ಸಿಕ್ಕಿದರೆ ಮುಂದೆ ಓದಿ.

ಲಕ್ಷಣ: ಹಳೆ ಫಿಲ್ಟರ್‌ನಲ್ಲಿ ಮಿನುಗುವ ಪುಡಿ

ಎಂಜಿನ್ ಬಗ್ಗೆ ಅನುಮಾನ ಇದ್ದಾಗ ನಾನು ಹಳೆ ಫಿಲ್ಟರ್ ಕತ್ತರಿಸಿ ನೋಡುತ್ತೇನೆ. ಎಲಿಮೆಂಟ್ ಆದರೆ ಕತ್ತರಿ ಸಾಕು. ಡಬ್ಬಿಯಾದರೆ ರಾತ್ರಿಯಿಡೀ ಬೋರಲು ಹಾಕಿ ಆಯಿಲ್ ಇಳಿಸಿ, ಬಾಯಿಯ ಅಂಚಿನ ಹತ್ತಿರ ಗರಗಸ ಹಾಕಿ. ಗರಗಸದ ಪುಡಿಯೂ ಒಳಗೆ ಬೀಳುತ್ತದೆ ಅನ್ನುವುದು ನೆನಪಿರಲಿ, ಆದ್ದರಿಂದ ಕತ್ತರಿಸಿದ ಅಂಚಿನ ಬಳಿ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಗದದ ಮಡಿಕೆ ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ನೋಡಿ. ಕಪ್ಪು ಕೆಸರು ಸಹಜ. ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಳೆದರೂ ಪರವಾಗಿಲ್ಲ. ಮಡಿಕೆ ಮಡಿಕೆಯಲ್ಲೂ ಬೆಳ್ಳಿ ಪುಡಿ ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣ ಸವೆಯುತ್ತಿದೆ. ಅಂಟದ ಬೆಳ್ಳಿ, ತಾಮ್ರದ ಬಣ್ಣದ ಚೂರು ಹೆಚ್ಚಾಗಿ ಬೇರಿಂಗ್‌ನದ್ದು. ಅಂಥದ್ದು ಕಂಡರೆ ಗಾಡಿ ನಿಲ್ಲಿಸಿ, ಆ ಕಾಗದವನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೆಕ್ಯಾನಿಕ್‌ಗೆ ತೋರಿಸಿ. ಈ ಹಂತದಲ್ಲಿ ಹಿಡಿದರೆ ಬೇರಿಂಗ್ ಬದಲಿಸಿ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಉಳಿಸಿಕೊಳ್ಳಬಹುದು.

ಇಳಿಸಿದ ಆಯಿಲ್

ಹಳೆ ಆಯಿಲನ್ನು ಬಂದ ಕ್ಯಾನ್‌ಗೇ ತುಂಬಿ, ಫಿಲ್ಟರನ್ನು ಒಂದು ದಿನ ಬೋರಲು ಹಾಕಿ ಬಸಿದು, ಎರಡನ್ನೂ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಓಡಿದ ಆಯಿಲ್ ಕಾನೂನಿನಲ್ಲೂ ಅಪಾಯಕಾರಿ ತ್ಯಾಜ್ಯವೇ. ತೆಂಗಿನ ಬುಡಕ್ಕೆ, ಗೆದ್ದಲಿಗೆ, ಚರಂಡಿಗೆ ಹೊಯ್ಯಬೇಡಿ. ನಮ್ಮಲ್ಲಿ ಮನೆಗೊಂದು ಬಾವಿ. ಮುರಕಲ್ಲಿನ ನೆಲ ತೂತು ತೂತು, ಅಂಗಳಕ್ಕೆ ಹೊಯ್ದದ್ದು ಮಳೆ ನೀರಿನ ಜೊತೆ ಬಾವಿಗೇ ಇಳಿಯುತ್ತದೆ. ಚೆಲ್ಲಿದ ಕಡೆ ಮರದ ಹುಡಿ ಹರಡಿ, ಹೀರಿದ ಮೇಲೆ ಗುಡಿಸಿ ಅದನ್ನೂ ಚೀಲಕ್ಕೆ ತುಂಬಿ. ನಾನು ಈ ಕೆಲಸ ಮಾಡುವ ಜಾಗ ಬಾವಿಯಿಂದ ಅಂಗಳದ ಆ ಕೊನೆಗೆ, ಮೇಲೆ ಶೀಟ್ ಇರುವ ಕಡೆ.